ಅಮ್ಮ, ಆರ್‌ವಿ ಮತ್ತು 150 ಲೀಟರ್ ನೀರು

ಬಸ್ಸಲ್ಲೋ, ಮೆಟ್ರೋದಲ್ಲೋ, ಅಡುಗೆಮನೆಯಲ್ಲಿ ಪಾತ್ರೆ ತೊಳೀತಾನೋ, ಎಲ್ಲೇ ಇದ್ದು ಕೇಳ್ತಾ ಇದ್ರೂ ಸ್ವಾಗತ. ಹೋದ ಸಂಚಿಕೆಯಲ್ಲಿ ಒಂದು ಮಾತು ಕೊಟ್ಟಿದ್ದೆ. ಅಮೆರಿಕದಲ್ಲಿ ಆರ್‌ವಿ ಬಾಡಿಗೆಗೆ ತಗೊಂಡು ಸಮುದ್ರದ ದಡದಲ್ಲಿ ಕ್ಯಾಂಪ್ ಮಾಡಿದ್ದನ್ನ, ಅದಕ್ಕೆ ಹೇಗೆ ಪ್ಲಾನ್ ಮಾಡಬೇಕು ಅನ್ನೋದನ್ನ ಹೇಳ್ತೀನಿ ಅಂತ. ಇವತ್ತು ಅದೇ ವಿಷಯ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ. ನಿಜ ಹೇಳಬೇಕು ಅಂದ್ರೆ, ಆ ತಪ್ಪಿನ ಕಾರಣಕ್ಕೇ ಈ ಸಂಚಿಕೆ ಮಾಡ್ತಾ ಇರೋದು.

ನಮ್ಮ ಅಕ್ಕ ಮದುವೆಯಾಗಿ ಡಲ್ಲಾಸ್ ಹತ್ತಿರ ಸೆಟ್ಲ್ ಆಗಿದ್ದಾಳೆ. ಹೋದ ವರ್ಷ ನಾನೂ ಅಮ್ಮನೂ ಅವಳ ಮನೆಗೆ ಹೋಗಿದ್ವಿ. ಏಪ್ರಿಲ್ ಕೊನೆಯಲ್ಲಿ ಭಾವ ಒಂದು ದಿನ, "ಅತ್ತೆ, ಸಮುದ್ರಕ್ಕೆ ಹೋಗೋಣ ಬನ್ನಿ" ಅಂದ್ರು. ಟೆಕ್ಸಾಸ್‌ನ ದಕ್ಷಿಣ ತುದಿಯ ಕಡೆ, ಮೆಕ್ಸಿಕೋ ಕೊಲ್ಲಿಯ ದಡದಲ್ಲಿ ಪಾಡ್ರೆ ಐಲ್ಯಾಂಡ್ ನ್ಯಾಷನಲ್ ಸೀಶೋರ್ ಅಂತ ಒಂದು ಜಾಗ ಇದೆ. ಹೋಟೆಲ್ಲು, ಅಂಗಡಿ, ಮನೆ ಏನೂ ಕಟ್ಟದೆ ಹಾಗೇ ಉಳಿಸಿರೋ ಸುಮಾರು 110 ಕಿಲೋಮೀಟರ್ ಉದ್ದದ ದಡ. 1962ರಿಂದ ರಕ್ಷಿತ ಪ್ರದೇಶ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಲಗೂನಾ ಮಾದ್ರೆ ಅನ್ನೋ ಹಿನ್ನೀರು. ಆ ಹಿನ್ನೀರು ಸಮುದ್ರಕ್ಕಿಂತಲೂ ಉಪ್ಪು.

ಕೇಳಿದ್ರೇನೇ ಹೊರಟುಬಿಡೋಣ ಅನ್ಸುತ್ತೆ ಅಲ್ವಾ? ಅಮ್ಮ ಮಾತ್ರ, "ನೀವು ಹೋಗಿಬನ್ನಿ, ನಾನು ಮನೇಲಿ ಇರ್ತೀನಿ" ಅಂದ್ರು.

ಯಾಕೆ ಅಂತ ನಂಗೆ ಗೊತ್ತಿತ್ತು. ನಿಮ್ಮನೇಲೂ ಇದು ಇರಬಹುದು. ನಮ್ಮಮ್ಮ ಪ್ರಯಾಣದ ದಿನ ನೀರು ಕುಡಿಯಲ್ಲ. ಅರಸೀಕೆರೆಯಿಂದ ಧರ್ಮಸ್ಥಳಕ್ಕೆ ಕೆಂಪು ಬಸ್ಸಲ್ಲಿ ಹೋಗ್ತಿದ್ದಾಗಲೂ ಅಷ್ಟೇ, ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ಊರು ಸೇರೋ ತನಕ ಬಾಯಿಗೆ ಒಂದು ತೊಟ್ಟು ಹಾಕ್ತಿರ್ಲಿಲ್ಲ. ದಾರಿಯಲ್ಲಿ ಒಂದಕ್ಕೆ ಹೋಗಬೇಕು ಅನ್ಸಿದ್ರೆ ಎಲ್ಲಿ ಹೋಗೋದು, ಡ್ರೈವರ್‌ಗೆ ಹೇಗೆ ಹೇಳೋದು, ಹೋದ್ರೂ ಆ ಬಸ್‌ಸ್ಟ್ಯಾಂಡ್ ಶೌಚಾಲಯ ಹೇಗಿರುತ್ತೋ. ಅದಕ್ಕೆ ನೀರೇ ಕುಡಿಯದಿರೋದು. ನಮ್ಮಲ್ಲಿ ಎಷ್ಟೋ ಹೆಂಗಸರು ಹೀಗೇ ಊರೂರು ಸುತ್ತಿದ್ದಾರೆ. ಈಗ ಅಮ್ಮನಿಗೆ 63. ಮಂಡಿನೋವು ಇದೆ, ಬಿಪಿ ಮಾತ್ರೆ ಇದೆ. ಮಾತ್ರೆ ತಗೊಂಡ ಮೇಲೆ ಪದೇಪದೇ ಹೋಗಬೇಕಾಗುತ್ತೆ. ಸುಮಾರು 700 ಕಿಲೋಮೀಟರ್ ಕಾರಲ್ಲಿ ಕೂರೋದು ಅಂದ್ರೆ ಅವರಿಗೆ ಸಮುದ್ರ ನೆನಪಾಗಲ್ಲ, ಇದೇ ನೆನಪಾಗೋದು.

ಆಗ ಅಕ್ಕ ಹೇಳಿದ್ದು, "ಆರ್‌ವಿ ತಗೊಳ್ಳೋಣ. ಟಾಯ್ಲೆಟ್ ನಮ್ಮ ಜೊತೆಗೇ ಬರುತ್ತೆ."

ಆರ್‌ವಿ ಅಂದ್ರೆ ಚಕ್ರದ ಮೇಲಿರೋ ಪುಟ್ಟ ಮನೆ. ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್ಜು, ಸಿಂಕು, ಬಚ್ಚಲು ಎಲ್ಲ ಅದರೊಳಗೇ. ನಾವು ತಗೊಂಡಿದ್ದು ಕ್ಲಾಸ್ ಸಿ ಅಂತಾರೆ, ಮುಂದೆ ವ್ಯಾನಿನ ಮೂತಿ, ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ, ಉದ್ದ 25 ಅಡಿ. ಅಲ್ಲಿನ ಸಾಮಾನ್ಯ ಕಾರ್ ಲೈಸೆನ್ಸ್ ಸಾಕು, ಹಾಗಾಗಿ ಭಾವನೇ ಓಡಿಸಿದ್ರು. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಸಿನಿಮಾದಲ್ಲಿ ತೋರಿಸೋ ಹಾಗೆ ಗಾಡಿ ಓಡ್ತಿರುವಾಗ ಒಳಗೆ ಓಡಾಡೋದು, ದೋಸೆ ಹುಯ್ಯೋದು ಎಲ್ಲ ಸುಳ್ಳು. ಎಲ್ಲರೂ ಸೀಟ್‌ಬೆಲ್ಟ್ ಹಾಕ್ಕೊಂಡು ಕೂರಬೇಕು, ಮಗುವಿಗೆ ಅದರದ್ದೇ ಸೀಟು ಬೇಕು. ಟಾಯ್ಲೆಟ್ ಬೇಕಾದ್ರೆ ಗಾಡಿ ನಿಲ್ಲಿಸಬೇಕು. ಆದ್ರೆ ಹೆದ್ದಾರಿ ಪಕ್ಕದ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದ್ರೆ ಐದು ನಿಮಿಷದ ಕೆಲಸ, ಮತ್ತೆ ಅದು ನಮ್ಮದೇ ಟಾಯ್ಲೆಟ್. ಇದನ್ನ ಕೇಳಿದ ಮೇಲೇ ಅಮ್ಮ ಒಪ್ಪಿದ್ದು.

ಸರಿ, ಪ್ಲಾನ್ ಮಾಡೋ ಕೆಲಸ ನನ್ನ ತಲೆಗೆ ಬಂತು. ಬಿಕಾಂ ಮಾಡಿದವನ ಕೈಗೆ ಪ್ರವಾಸ ಕೊಟ್ರೆ ಏನಾಗುತ್ತೆ? ಎಕ್ಸೆಲ್ ಶೀಟ್ ಆಗುತ್ತೆ.

ಆರ್‌ವಿ ಪ್ಲಾನಿಂಗಲ್ಲಿ ಮೊದಲು ಅರ್ಥ ಮಾಡ್ಕೋಬೇಕಾದ ಪದ ಹುಕಪ್. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ನಿಮ್ಮ ಜಾಗಕ್ಕೇ ಕರೆಂಟು, ನೀರು, ಚರಂಡಿ ಮೂರೂ ಸಂಪರ್ಕ ಇರುತ್ತೆ. ಪೈಪು ಸಿಕ್ಕಿಸಿದ್ರೆ ಮನೆ ಥರಾನೇ. ಹೋಗುವಾಗ ಸ್ಯಾನ್ ಆಂಟೋನಿಯೋ ಹತ್ತಿರ ಅಂಥ ಒಂದು ಕಡೆ ಒಂದು ರಾತ್ರಿ ಇದ್ವಿ. ಪಾಡ್ರೆ ಐಲ್ಯಾಂಡಿನ ಮಾಲಕೀಟ್ ಕ್ಯಾಂಪ್‌ಗ್ರೌಂಡಲ್ಲಿ ಹಾಗಿಲ್ಲ. ಮರಳುದಿಬ್ಬದ ಹಿಂದೆ ಡಾಂಬರು ಹಾಕಿದ ಜಾಗ, ದಿಬ್ಬ ದಾಟಿದ್ರೆ ಸಮುದ್ರ, ಆದ್ರೆ ನಿಮ್ಮ ಸೈಟಿಗೆ ಯಾವ ಹುಕಪ್ಪೂ ಇಲ್ಲ. ಫ್ಲಶ್ ಇರೋ ಸಾರ್ವಜನಿಕ ಶೌಚಾಲಯ, ತಣ್ಣೀರಿನ ಶವರ್ ಇದೆ. ನೀರು ತುಂಬಿಸ್ಕೊಳ್ಳೋಕೆ, ಕೊಳೆನೀರು ಖಾಲಿ ಮಾಡೋಕೆ ಹತ್ತಿರದಲ್ಲೇ ಒಂದು ಡಂಪ್ ಸ್ಟೇಷನ್ ಇದೆ. ಅಷ್ಟೇ. ಅಂದ್ರೆ ಕ್ಯಾಂಪ್‌ಗ್ರೌಂಡಿನಲ್ಲಿ ಇರೋಷ್ಟು ಹೊತ್ತೂ ಗಾಡಿಯೊಳಗೆ ಏನಿದೆಯೋ ಅದರಲ್ಲೇ ಬದುಕಬೇಕು.

ಗಾಡಿಯೊಳಗೆ ಮೂರು ಟ್ಯಾಂಕು. ಒಂದು ಒಳ್ಳೇ ನೀರಿಂದು. ಎರಡನೇದು ಸಿಂಕು, ಬಚ್ಚಲಿನ ಬಳಸಿದ ನೀರಿಂದು, ಗ್ರೇ ಟ್ಯಾಂಕ್. ಮೂರನೇದು ಟಾಯ್ಲೆಟ್‌ದು, ಬ್ಲ್ಯಾಕ್ ಟ್ಯಾಂಕ್. ನಮ್ಮ ಗಾಡಿಯಲ್ಲಿ ಒಳ್ಳೇ ನೀರು ಸುಮಾರು 150 ಲೀಟರ್, ಉಳಿದ ಎರಡೂ ಸುಮಾರು 110 ಲೀಟರ್. ಈಗ ಲೆಕ್ಕ ಹಾಕಿ. ಅಮ್ಮ, ಅಕ್ಕ, ಭಾವ, ಅಕ್ಕನ ಐದು ವರ್ಷದ ಮಗ ಪುಟ್ಟ, ನಾನು. ಐದು ಜನ, ಎರಡು ದಿನ. 150 ಲೀಟರನ್ನ ಹಂಚಿದ್ರೆ ಒಬ್ಬರಿಗೆ ದಿನಕ್ಕೆ 15 ಲೀಟರ್. ಅಂದ್ರೆ ಒಂದು ಬಕೆಟ್ಟು. ಅಡುಗೆ, ಪಾತ್ರೆ, ಮುಖ ತೊಳೆಯೋದು, ಸ್ನಾನ, ಎಲ್ಲ ಅದರಲ್ಲೇ. ಶವರ್ ಬಿಟ್ಟರೆ ನಿಮಿಷಕ್ಕೆ ಆರು ಏಳು ಲೀಟರ್ ಹೋಗುತ್ತೆ.

ಟಾಯ್ಲೆಟ್ ಲೆಕ್ಕ ಇನ್ನೂ ಬಿಗಿ. ಒಂದು ಸಲ ಫ್ಲಶ್‌ಗೆ ಎರಡು ಲೀಟರ್ ಅಂತ ಇಟ್ಕೊಳ್ಳಿ. ಐದು ಜನ, ದಿನಕ್ಕೆ ಆರು ಸಲ, ಎರಡು ದಿನ. 120 ಲೀಟರ್. ಟ್ಯಾಂಕು 110. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗ್ತಿಲ್ಲ!

ಬೇರೆ ಲೆಕ್ಕಗಳೂ ಇದ್ವು, ಬೇಗ ಹೇಳ್ತೀನಿ, ಬೇಕಾದವರು ಬರ್ಕೊಳ್ಳಿ. ಫ್ರಿಜ್ಜು ಗ್ಯಾಸಲ್ಲಿ ನಡೆಯುತ್ತೆ, ಲೈಟು ಮತ್ತು ನೀರಿನ ಪಂಪು ಬ್ಯಾಟರಿಯಲ್ಲಿ ನಡೆಯುತ್ತೆ. ಎಸಿ, ಮೈಕ್ರೋವೇವ್, ರೈಸ್ ಕುಕ್ಕರ್ ಹುಕಪ್ ಇಲ್ಲದಿದ್ರೆ ಜನರೇಟರ್ ಮೇಲೇ. ಜನರೇಟರ್ ಗಾಡಿಯ ಪೆಟ್ರೋಲನ್ನೇ ಕುಡಿಯುತ್ತೆ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದ್ರೆ ತಾನಾಗೇ ನಿಂತುಹೋಗುತ್ತೆ, ಹಾಗಾಗಿ ದ್ವೀಪಕ್ಕೆ ಹೋಗೋ ಮುಂಚೆ ಕಾರ್ಪಸ್ ಕ್ರಿಸ್ಟಿ ಊರಲ್ಲೇ ಫುಲ್ ಟ್ಯಾಂಕ್ ಮಾಡಿಸಿ. ರಾತ್ರಿ ಹೊತ್ತು ಅದನ್ನ ಓಡಿಸೋ ಹಾಗಿಲ್ಲ, ಅಕ್ಕಪಕ್ಕದವರು ಮಲಗಿರ್ತಾರೆ. ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ರೆ ಪುಣ್ಯ. ದಡದಲ್ಲಿ ವಸಂತಕಾಲದ ಗಾಳಿ ಜೋರು, ಗಾಡಿ ಪಕ್ಕದಲ್ಲಿ ಬಿಚ್ಚೋ ಬಟ್ಟೆಯ ಚಪ್ಪರವನ್ನ ಬಿಚ್ಚಿಟ್ಟು ಎಲ್ಲೂ ಹೋಗಬೇಡಿ, ಕಿತ್ಕೊಂಡು ಹೋಗುತ್ತೆ. ಮರಳ ಮೇಲೆ ಗಾಡಿ ಓಡಿಸೋಕೆ ಆ ಪಾರ್ಕಿನಲ್ಲಿ ಅವಕಾಶ ಇದೆ, ಆದ್ರೆ ಬಾಡಿಗೆ ಆರ್‌ವಿ ಕರಾರಿನಲ್ಲಿ ಸಾಮಾನ್ಯವಾಗಿ ಅದು ನಿಷೇಧ, ಹೂತುಹೋದ್ರೆ ಖರ್ಚು ನಿಮ್ಮದೇ. ಉಪ್ಪುಗಾಳಿ ಕಬ್ಬಿಣ ತಿನ್ನುತ್ತೆ, ವಾಪಸ್ ಕೊಡೋ ಮುಂಚೆ ಗಾಡಿಯ ಹೊಟ್ಟೆಭಾಗವನ್ನ ಸಿಹಿನೀರಲ್ಲಿ ತೊಳೆಸಿ. ಮರಳ ಮೇಲೆ ನೀಲಿ ಬಲೂನು ಥರ ಬಿದ್ದಿರೋದನ್ನ ಮಕ್ಕಳು ಮುಟ್ಟದ ಹಾಗೆ ನೋಡ್ಕೊಳ್ಳಿ. ಅದು ಪೋರ್ಚುಗೀಸ್ ಮ್ಯಾನ್ ಓ ವಾರ್ ಅನ್ನೋ ಜೀವಿ, ಸತ್ತು ಬಿದ್ದಿದ್ರೂ ಕುಟುಕುತ್ತೆ. ಇನ್ನು ಸೈಟ್ ಬುಕಿಂಗ್ ನಿಯಮ, ಶುಲ್ಕ ಬದಲಾಗ್ತಾ ಇರುತ್ತೆ, ಹೊರಡೋ ವಾರ ಪಾರ್ಕಿನ ವೆಬ್‌ಸೈಟಲ್ಲೇ ನೋಡಿ.

ಈಗ ನೀರಿನ ಲೆಕ್ಕಕ್ಕೆ ವಾಪಸ್ ಬರ್ತೀನಿ. ಟ್ಯಾಲಿ ಆಗದ ಆ 10 ಲೀಟರಿಗೆ ನಾನೊಂದು ಪರಿಹಾರ ಹುಡುಕಿದೆ. ಒಂದು ಹಾಳೆಯಲ್ಲಿ ದೊಡ್ಡದಾಗಿ ನಿಯಮ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಒಂದು, ಶವರ್ ಒಳಗೆ ಬೇಡ, ಪಾರ್ಕಿನ ಶವರಿಗೆ ಹೋಗಿ. ಎರಡು, ಪಾತ್ರೆಯನ್ನ ಮೊದಲು ಪೇಪರಲ್ಲಿ ಒರೆಸಿ, ಆಮೇಲೆ ತೊಳೀರಿ. ಮೂರು, ಹಗಲು ಹೊತ್ತು ಪಾರ್ಕಿನ ಟಾಯ್ಲೆಟ್. ಒಳಗಿನದು ರಾತ್ರಿ ಮಾತ್ರ, ಫ್ಲಶ್ ಕಡಿಮೆ.

ಎಲ್ಲರೂ ಚಪ್ಪಾಳೆ ಹೊಡೆದ್ರು. ಶುಕ್ರವಾರ ಮಧ್ಯಾಹ್ನ ಅಲ್ಲಿ ತಲುಪಿದ್ವಿ. ಅಮ್ಮ ದಿಬ್ಬ ದಾಟಿ ಸಮುದ್ರ ನೋಡಿ, ಸೀರೆ ನೆರಿಗೆ ಎತ್ತಿ ಹಿಡ್ಕೊಂಡು ಮಂಡಿತನಕ ನೀರಲ್ಲಿ ನಿಂತ್ರು. ನೀರಲ್ಲಿ ನಿಂತಿದ್ದಾಗ ಅವರಿಗೆ ಮಂಡಿನೋವು ನೆನಪೇ ಇರ್ಲಿಲ್ಲ ಅನ್ಸುತ್ತೆ. ಪುಟ್ಟನಿಗೆ ಅಲ್ಲಿನ ಬೋರ್ಡ್ ತೋರಿಸಿ ಆಮೆ ಕಥೆ ಹೇಳಿದೆ. ಕೆಂಪ್ಸ್ ರಿಡ್ಲಿ ಅನ್ನೋ ಕಡಲಾಮೆ, ಪ್ರಪಂಚದ ಕಡಲಾಮೆಗಳಲ್ಲೇ ಅತಿ ಹೆಚ್ಚು ಅಪಾಯದಲ್ಲಿರೋದು, ಈ ದಡಕ್ಕೆ ಬಂದು ಮೊಟ್ಟೆ ಇಡುತ್ತೆ. 1978ರಿಂದ ಹತ್ತು ವರ್ಷ ಮೆಕ್ಸಿಕೋದಿಂದ ಮೊಟ್ಟೆ ತಂದು ಇಲ್ಲಿನ ಮರಳಲ್ಲಿಟ್ಟು, ಇದೇ ನಿನ್ನ ಊರು ಅಂತ ಮರಿಗಳಿಗೆ ಅಭ್ಯಾಸ ಮಾಡಿಸೋಕೆ ನೋಡಿದ್ರಂತೆ. ನಮ್ಮ ಹೊನ್ನಾವರದ ದಡಕ್ಕೆ ಬರೋ ಆಲಿವ್ ರಿಡ್ಲಿ ಇದರ ದಾಯಾದಿ. ಜೂನ್ ಮಧ್ಯದಿಂದ ಆಗಸ್ಟ್ ತನಕ ಹೋಗೋರಿಗೆ ಅದೃಷ್ಟ ಇದ್ರೆ, ಬೆಳಗಿನ ಜಾವ ಮರಿಗಳನ್ನ ಸಮುದ್ರಕ್ಕೆ ಬಿಡೋದನ್ನ ನೋಡಬಹುದು.

ನೀರು ಉಳಿಸೋದ್ರಲ್ಲಿ ನಮ್ಮೆಲ್ಲರಿಗಿಂತ ಅಮ್ಮನೇ ಮುಂದೆ. ಆಗಬೇಕಾದ್ದೇ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಂದು ಸಲ ಬರ್ತಿತ್ತು. ಅಮ್ಮ ಸಿಂಕಿನ ನಲ್ಲಿ ತಿರುಗಿಸಲೇ ಇಲ್ಲ. ಒಂದು ಚೊಂಬಲ್ಲಿ ನೀರು ಹಿಡಿದು ನಾಲ್ಕು ತಟ್ಟೆ ತೊಳೆದ್ರು. ಅಕ್ಕಿ ತೊಳೆದ ನೀರಲ್ಲೇ ಪಾತ್ರೆಯ ಮೊದಲ ಸುತ್ತು. ಶನಿವಾರ ಬೆಳಿಗ್ಗೆ ಗೋಡೆ ಮೇಲಿನ ಮೀಟರ್ ನೋಡಿದ್ರೆ ಒಳ್ಳೇ ನೀರು ಇನ್ನೂ ಮುಕ್ಕಾಲು ಭಾಗದ ಹತ್ತಿರ ಇತ್ತು. ನಾನು ಎಕ್ಸೆಲ್ ಶೀಟಿಗೆ ಅಪ್‌ಡೇಟ್ ಮಾಡಿ, "ಅಮ್ಮಾ, ನೀನು ಸೂಪರ್" ಅಂದೆ.

ಶನಿವಾರ ಮಧ್ಯಾಹ್ನ. ಬಿಸಿಲು ಇತ್ತು, ಆದ್ರೆ ಗಾಳಿ ಬೀಸ್ತಿದ್ದರಿಂದ ಬಿಸಿಲೇ ಗೊತ್ತಾಗ್ತಿರ್ಲಿಲ್ಲ. ಅಂಥ ಗಾಳಿಯಲ್ಲಿ ಬೆವರು ಆರಿಹೋಗುತ್ತೆ, ಮೈಯಿಂದ ಎಷ್ಟು ನೀರು ಹೋಯ್ತು ಅಂತ ಅಂದಾಜೇ ಸಿಗಲ್ಲ. ಅಮ್ಮ ಗಾಡಿ ಪಕ್ಕ ಮಡಚೋ ಕುರ್ಚಿಯಲ್ಲಿ ಕೂತಿದ್ರು. ಊಟಕ್ಕೆ ಅಂತ ಎದ್ದವರು ಹಾಗೇ ಗಾಡಿ ಹಿಡ್ಕೊಂಡು ನಿಂತ್ರು. "ಯಾಕೋ ತಲೆ ಸುತ್ತುತ್ತೆ ಕಣೋ" ಅಂದ್ರು. ಮೀನಖಂಡ ಹಿಡ್ಕೊಂಡುಬಿಟ್ಟಿತ್ತು. ತುಟಿ ಒಣಗಿ ಬಿಳಿ ಆಗಿತ್ತು. ಅಕ್ಕ ಬಂದು ಕೈ ಮುಟ್ಟಿ, "ಅಮ್ಮ, ನೀರು ಎಷ್ಟು ಕುಡಿದೆ ಇವತ್ತು?" ಅಂದ್ಳು.

ಅಮ್ಮ ಸುಮ್ಮನಿದ್ರು. ಆಮೇಲೆ, "ಬೆಳಿಗ್ಗೆ ಮಾತ್ರೆ ಜೊತೆ ಕುಡಿದೆನಲ್ಲ" ಅಂದ್ರು.

ಅಷ್ಟೇ. ಇಡೀ ದಿನಕ್ಕೆ ಅರ್ಧ ಲೋಟ. ಹಿಂದಿನ ದಿನವೂ ಹೆಚ್ಚುಕಡಿಮೆ ಹಾಗೇ. ಯಾಕೆ ಅಂದ್ರೆ ಫ್ರಿಜ್ ಮೇಲೆ ಬರೆದಿತ್ತಲ್ಲ, ಹಗಲು ಹೊತ್ತು ಪಾರ್ಕಿನ ಟಾಯ್ಲೆಟ್ ಅಂತ. ಅದು ನಮ್ಮ ಸೈಟಿಂದ ಸ್ವಲ್ಪ ದೂರ. ನಂಗೆ ಎರಡು ನಿಮಿಷದ ನಡಿಗೆ, ಮಂಡಿನೋವಿರೋ ಅಮ್ಮನಿಗೆ ಗಾಳಿಯಲ್ಲಿ ಸೆರಗು ಹಿಡ್ಕೊಂಡು ಹತ್ತು ನಿಮಿಷ. ಒಳಗಿನದಕ್ಕೆ ಹೋದ್ರೆ ಟ್ಯಾಂಕ್ ತುಂಬುತ್ತೆ, ಮಗ ಬೇಜಾರು ಮಾಡ್ಕೋತಾನೆ. ಅದಕ್ಕೆ ಅವರಿಗೆ ಗೊತ್ತಿದ್ದ ಹಳೇ ಉಪಾಯವನ್ನೇ ಮಾಡಿದ್ರು. ನೀರು ಕುಡಿಯೋದು ಬಿಟ್ರು.

ಯಾವ ಭಯ ಹೋಗಲಿ ಅಂತ ಆರ್‌ವಿ ತಗೊಂಡಿದ್ವೋ ಅದೇ ಭಯವನ್ನ ನಾನು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ.

ಒಳಗೆ ಮಲಗಿಸಿದ್ವಿ. ಜನರೇಟರ್ ಹಾಕಿ ಎಸಿ ಆನ್ ಮಾಡಿದ್ವಿ. ಓಆರ್‌ಎಸ್ ಪ್ಯಾಕೆಟ್ ಅಮ್ಮನ ಬ್ಯಾಗಲ್ಲೇ ಇತ್ತು, ಅದನ್ನ ಕಲಸಿ ಗುಟುಕು ಗುಟುಕಾಗಿ ಕುಡಿಸಿದ್ವಿ. ಭಾವ ಆಗಲೇ ಹೊರಗೆ ಎಲ್ಲ ಮಡಚಿ ಗಾಡಿ ಹೊರಡಿಸೋಕೆ ರೆಡಿ. ಆಸ್ಪತ್ರೆ ಅಂದ್ರೆ ಕಾರ್ಪಸ್ ಕ್ರಿಸ್ಟಿಗೇ ಹೋಗಬೇಕು, ಮುಕ್ಕಾಲು ಗಂಟೆಯ ದಾರಿ. ಫೋನಲ್ಲಿ ಸಿಗ್ನಲ್ ಒಂದು ಕಡ್ಡಿ. ಅಮ್ಮನ ವಿಸಿಟರ್ ಇನ್ಶೂರೆನ್ಸ್ ಕಾರ್ಡ್ ಎಲ್ಲಿದೆ ಅಂತ ನಾನು ಹುಡುಕ್ತಾ ಇದ್ದೆ, ಕೈ ನಡುಗ್ತಿತ್ತು. ಇಷ್ಟೆಲ್ಲ ಶೀಟ್ ಮಾಡಿದವನು ಆ ಕಾರ್ಡಿನ ಫೋಟೋ ಫೋನಲ್ಲಿ ಇಟ್ಕೊಂಡಿರ್ಲಿಲ್ಲ.

ಅರ್ಧ ಗಂಟೆಯಲ್ಲಿ ಅಮ್ಮನ ಮುಖಕ್ಕೆ ಬಣ್ಣ ಬಂತು. ಮಾತು ಸರಿಯಾಗಿತ್ತು, ಕಾಲುನೋವು ಇಳೀತು, ಸಂಜೆ ಹೊತ್ತಿಗೆ ಎದ್ದು ಕೂತು ಮೊಸರನ್ನ ಕೇಳಿದ್ರು. ನಮ್ಮ ಅದೃಷ್ಟ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಅಂದುಕೊಳ್ಳಬೇಡಿ. ಮಾತು ತೊದಲಿದ್ರೆ, ಗೊಂದಲ ಆದ್ರೆ, ಎಚ್ಚರ ತಪ್ಪಿದ್ರೆ ಕಾಯಬೇಡಿ, ಅಲ್ಲಿ 911, ಇಲ್ಲಿ 108.

ಸಂಜೆ ನಾನೂ ಭಾವನೂ ಡಂಪ್ ಸ್ಟೇಷನ್‌ಗೆ ಹೋದ್ವಿ. ಕೈಗವಸು ಹಾಕ್ಕೊಂಡು ದಪ್ಪ ಪೈಪು ಜೋಡಿಸಿ, ಮೊದಲು ಬ್ಲ್ಯಾಕ್ ಟ್ಯಾಂಕು, ಆಮೇಲೆ ಗ್ರೇ ಟ್ಯಾಂಕು. ಈ ಕ್ರಮ ಯಾಕೆ ಅಂದ್ರೆ ಸೋಪಿನ ನೀರು ಕೊನೆಗೆ ಬಂದು ಪೈಪನ್ನ ತೊಳೆಯುತ್ತೆ. ಆಗ ಭಾವ ಒಂದು ವಿಷಯ ಹೇಳಿದ್ರು. ಬ್ಲ್ಯಾಕ್ ಟ್ಯಾಂಕಿಗೆ ನೀರು ಧಾರಾಳವಾಗಿ ಹಾಕಬೇಕಂತೆ. ಕಡಿಮೆ ಹಾಕಿದ್ರೆ ಗಟ್ಟಿಯೆಲ್ಲ ತಳದಲ್ಲೇ ಕೂತು ಕಟ್ಟಿಕೊಳ್ಳುತ್ತೆ, ಆಮೇಲೆ ಏನು ಮಾಡಿದ್ರೂ ಬಿಡಲ್ಲ. ಅಂದ್ರೆ ನನ್ನ "ಫ್ಲಶ್ ಕಡಿಮೆ" ನಿಯಮ ಟ್ಯಾಂಕಿಗೂ ತಪ್ಪು, ಅಮ್ಮನಿಗೂ ತಪ್ಪು.

ಖಾಲಿ ಮಾಡಿ, ಒಳ್ಳೇ ನೀರು ತುಂಬಿಸಿ, ವಾಪಸ್ ಬಂದು ಗಾಡಿ ನಿಲ್ಲಿಸೋಕೆ ಎಷ್ಟು ಹೊತ್ತಾಯ್ತು ಗೊತ್ತಾ? 40 ನಿಮಿಷ. ಆ 40 ನಿಮಿಷದ ಕೆಲಸ ತಪ್ಪಿಸೋಕೆ ನಾನು ಅಷ್ಟು ದೊಡ್ಡ ನಿಯಮ ಮಾಡಿದ್ದೆ. ಮಧ್ಯದಲ್ಲಿ ಒಂದು ಸಲ ಖಾಲಿ ಮಾಡಬಹುದು ಅನ್ನೋದು ನನ್ನ ಶೀಟಲ್ಲಿ ಇರಲೇ ಇಲ್ಲ. ಟ್ಯಾಲಿ ಆಗಬೇಕು ಅನ್ನೋ ಹಟದಲ್ಲಿ ಖರ್ಚನ್ನ ಕಡಿತ ಮಾಡ್ತಾ ಹೋದೆ. ಆ ಕಡಿತ ಯಾರ ತಲೆ ಮೇಲೆ ಬಿತ್ತು ಅಂತ ನೋಡ್ಲಿಲ್ಲ. ಮನೆ ಬಜೆಟ್‌ನಲ್ಲೂ ಹೀಗೇ ಅಲ್ವಾ? ಯಾರು ಬಾಯಿ ಬಿಟ್ಟು ಕೇಳಲ್ವೋ ಅವರ ಪಾಲೇ ಮೊದಲು ಕಡಿಮೆ ಆಗೋದು. ಲೆಕ್ಕ ಸರಿಹೋಯ್ತು ಅಂತ ನಾವು ಖುಷಿಪಡ್ತೀವಿ.

ಗಾಡಿಗೆ ಬಂದು ಆ ಹಾಳೆ ಕಿತ್ತು ಹಾಕಿದೆ. ಅಮ್ಮನ ಹತ್ತಿರ ಕೂತು, "ಅಮ್ಮಾ, ಈ ಟಾಯ್ಲೆಟ್ ತಗೊಂಡಿದ್ದೇ ನಿನಗೋಸ್ಕರ. ಉಳಿದವರು ಹೊರಗೆ ಹೋಗ್ತೀವಿ, ನೀನು ಹೋಗಬೇಡ" ಅಂದೆ. ಅಮ್ಮ, "ಅಯ್ಯೋ, ಇಷ್ಟಕ್ಕೆಲ್ಲ ಯಾಕೋ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, "ನೀನು ಮೊದಲೇ ಕೇಳಿದ್ರೆ ಹೇಳ್ತಿದ್ದೆ."

ಹೌದು. ನಾನು ಕೇಳಿರ್ಲಿಲ್ಲ. ಟ್ಯಾಂಕ್ ಎಷ್ಟು ಅಂತ ಬಾಡಿಗೆ ಕೊಡೋರನ್ನ ಕೇಳಿದ್ದೆ, ಗಾಳಿ ಎಷ್ಟು ಅಂತ ಹವಾಮಾನದ ಆ್ಯಪ್ ಕೇಳಿದ್ದೆ, ಅಮ್ಮನನ್ನ ಕೇಳಿರ್ಲಿಲ್ಲ.

ಈಗ ನನ್ನ ಶೀಟ್ ಬದಲಾಗಿದೆ. ನೀವೂ ಬದಲಾಯಿಸ್ಕೊಳ್ಳಿ. ಆರ್‌ವಿ ಇರ್ಲಿ, ಟೆಂಪೋ ಟ್ರಾವೆಲರ್ ಇರ್ಲಿ, ಗೋಕರ್ಣಕ್ಕೆ ಕಾರಲ್ಲೇ ಹೋಗ್ತಿರಿ. ಮೊದಲ ಸಾಲಲ್ಲಿ ಕುಡಿಯೋ ನೀರು ಬರೀರಿ, ಅದನ್ನ ಟ್ಯಾಂಕಿನ ಲೆಕ್ಕಕ್ಕೆ ಸೇರಿಸಬೇಡಿ. ಕ್ಯಾನು ಬೇರೆ ತಗೊಳ್ಳಿ. ದೊಡ್ಡವರ ಹೆಸರು ಬರೆದ ಬಾಟಲ್ ಬೇರೆ ಇರಲಿ, ಎಷ್ಟು ಖಾಲಿ ಆಯ್ತು ಅಂತ ಕಣ್ಣಿಗೆ ಕಾಣುತ್ತೆ. ಬಿಪಿ, ಕಿಡ್ನಿ, ಹೃದಯದ ಮಾತ್ರೆ ತಗೊಳ್ಳೋರು ಎಷ್ಟು ಕುಡೀಬೇಕು ಅಂತ ಹೊರಡೋ ಮುಂಚೆ ಡಾಕ್ಟರನ್ನ ಕೇಳಿ. ಎರಡನೇ ಸಾಲಲ್ಲಿ ಟಾಯ್ಲೆಟ್. ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸ್ತೀವಿ ಅಂತ ಅವರಿಗೆ ಮೊದಲೇ ಹೇಳಿ, ಅವರು ಕೇಳೋ ತನಕ ಕಾಯಬೇಡಿ. ಇನ್ಶೂರೆನ್ಸ್ ಕಾರ್ಡು, ಮಾತ್ರೆ ಚೀಟಿ, ಎರಡರ ಫೋಟೋ ಎಲ್ಲರ ಫೋನಲ್ಲೂ ಇರಲಿ. ಬೀಚು, ಸೂರ್ಯಾಸ್ತ, ರೀಲ್ಸು ಇವೆಲ್ಲ ಆಮೇಲಿನ ಸಾಲುಗಳು.

ಭಾನುವಾರ ಬೆಳಿಗ್ಗೆ ಹೊರಡೋ ಮುಂಚೆ ಅಮ್ಮ ಇನ್ನೊಂದು ಸಲ ನೀರಿಗೆ ಇಳಿದ್ರು. ಕೈಯಲ್ಲಿ ಒಂದು ಲೀಟರ್ ಬಾಟಲ್, ಅರ್ಧ ಖಾಲಿ. ವಾಪಸ್ ಬರ್ತಾ ದಾರಿಯಲ್ಲಿ ನಾಲ್ಕು ಸಲ ಗಾಡಿ ನಿಲ್ಲಿಸಿದ್ವಿ. ನಾಲ್ಕನೇ ಸಲ ನಿಲ್ಲಿಸಿದ್ದು ಅಮ್ಮ ತಾವಾಗೇ ಹೇಳಿದ್ದಕ್ಕೆ. ಹಿಂದಿನ ಸೀಟಿಂದ ಸಾಕಷ್ಟು ಜೋರಾಗೇ ಹೇಳಿದ್ರು, "ರೀ ಅಳಿಯಂದ್ರೇ, ಸ್ವಲ್ಪ ನಿಲ್ಸಿ." ನನ್ನ ನೆನಪಲ್ಲಿ ಅಮ್ಮ ಒಂದು ಗಾಡಿಯನ್ನ ನಿಲ್ಲಿಸಿದ್ದು ಅದೇ ಮೊದಲು.

ಇವತ್ತಿಗೆ ಇಷ್ಟೇ. ಈ ವಾರ ಒಂದು ಕೆಲಸ ಮಾಡಿ. ಅಮ್ಮನಿಗೋ, ಅಜ್ಜಿಗೋ ಫೋನ್ ಮಾಡಿದಾಗ, ಪ್ರಯಾಣದ ದಿನ ನೀರು ಕುಡೀತೀರಾ ಅಂತ ಕೇಳಿ. ಅವರು ಏನು ಹೇಳಿದ್ರು ಅಂತ ನಂಗೆ ವಾಯ್ಸ್ ನೋಟ್ ಕಳಿಸಿ, ಒಪ್ಪಿಗೆ ಇದ್ರೆ ಮುಂದಿನ ಸಂಚಿಕೆಯಲ್ಲಿ ಕೇಳಿಸೋಣ. ನೀವೂ ಒಂದು ಲೋಟ ನೀರು ಕುಡೀರಿ. ಮತ್ತೆ ಸಿಗೋಣ, ನಮಸ್ಕಾರ.